ಸತ್ಯಾಂಶ: ಟ್ರಿನಿಡಾಡ್‌ನಲ್ಲಿ ಹಿಂದೂಗಳೇ ಜಾಸ್ತಿಯಾ?

‘ಕೆರಿಬಿಯನ್ನಿನ ಟ್ರಿನಿಡಾಡ್ ಹಿಂದೂಗಳೇ ಹೆಚ್ಚಿರುವ ದೇಶ, ನಮ್ಮ ವ್ಯಾಪಾರಿಗಳು ಕಟ್ಟಿದ್ದು’ ಎನ್ನುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಎರಡೂ ಮಾತು ತಪ್ಪು.

ಟ್ರಿನಿಡಾಡ್ ಮತ್ತು ಟೊಬೇಗೊ ವೆನೆಜುವೆಲಾಕ್ಕೆ ತೀರಾ ಹತ್ತಿರದ ದ್ವೀಪದೇಶ. 2011ರ ಜನಗಣತಿಯಲ್ಲಿ ಭಾರತ ಮೂಲದವರು ಸುಮಾರು 35%, ಆಫ್ರಿಕಾ ಮೂಲದವರು 34%. ಹಿಂದೂಗಳು 18% ಮಾತ್ರ. ಭಾರತ ಮೂಲದವರಲ್ಲಿ ಮುಸ್ಲಿಮರು, ಕ್ರೈಸ್ತರೂ ಇದ್ದಾರೆ ಅಲ್ವಾ?

ಇನ್ನು ವ್ಯಾಪಾರಿಗಳ ಕಥೆ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಬ್ರಿಟಿಷರು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಕಳಿಸಿದರು. ಮೊದಲ ಹಡಗು ‘ಫತೆಲ್ ರಜಾಕ್’ 1845ರ ಮೇ 30ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಅಲ್ಲಿಗೆ ತಲುಪಿತು. 1917ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋದರು. ಬಹುಪಾಲು ಬಿಹಾರ, ಉತ್ತರ ಪ್ರದೇಶದ ಹಳ್ಳಿಯವರು. ಅವರ ಬೆವರನ್ನು ಮರೆಸುವ ಸಂದೇಶವನ್ನು ದಯವಿಟ್ಟು ಸುಮ್ನೆ ಮುಂದಕ್ಕೆ ಕಳಿಸಬೇಡಿ.