ರಬ್ಬರ್ ಬ್ಯಾಂಡ್ ಎಳೆದರೆ ಒಸಿಡಿ ಹೋಗುವುದಿಲ್ಲ

"ಕೆಟ್ಟ ಯೋಚನೆ ಬಂದಾಗಲೆಲ್ಲ ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಡಿ, ಒಸಿಡಿ ವಾಸಿ" ಅಂತ ಒಂದು ಸಂದೇಶ ಓಡಾಡುತ್ತಿದೆ. ಒಸಿಡಿ ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಕಾಡುವ, ಅದನ್ನು ತಣಿಸಲು ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಮಾನಸಿಕ ಕಾಯಿಲೆ. ಆ ಸಂದೇಶ ತಪ್ಪು. ಯೋಚನೆಯನ್ನು ಓಡಿಸಲು ಹೋದಷ್ಟೂ ಅದು ತಿರುಗಿ ಬರುತ್ತದೆ. 1987ರಲ್ಲೇ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಜನರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಅಂತ ಹೇಳಿ ಇದನ್ನು ತೋರಿಸಿದ್ದರು. ಬ್ಯಾಂಡ್ ಎಳೆಯುವುದೇ ಹೊಸ ಕಾಟ ಆಗಬಹುದು, ಮೂರು ಸಲ ಎಳೆದೆನಾ ನಾಲ್ಕಾ ಅಂತ ಎಣಿಸುವುದು ಬೇರೆ.

ಚಾಕು ಕಂಡಾಗ 'ಮಗುವಿಗೆ ಚುಚ್ಚಿಬಿಟ್ಟರೆ?' ಅನಿಸಿ ನಡುಗುವ ತಾಯಿ ಕೆಟ್ಟವಳಲ್ಲ. ಇಂಥ ಯೋಚನೆ ಹೆಚ್ಚಿನವರ ತಲೆಯಲ್ಲಿ ಸುಮ್ನೆ ಬಂದು ಹೋಗುತ್ತದೆ, ಒಸಿಡಿ ಇದ್ದವರಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಕೆಲಸಕ್ಕೆ ಬರುವುದು ಇಆರ್‌ಪಿ, ಅಂದರೆ ಭಯದಿಂದ ತಪ್ಪಿಸಿಕೊಳ್ಳದೆ ಅದನ್ನು ಎದುರಿಸುವ ಚಿಕಿತ್ಸೆ: ಚಾಕು ಬಚ್ಚಿಡದೆ, ಭಯ ಇದ್ದರೆ ಇರಲಿ ಅಂತ ತರಕಾರಿ ಹೆಚ್ಚುತ್ತಾ ಹೋಗುವುದು. ಚಿಕಿತ್ಸಕರ ಜೊತೆ, ಸಣ್ಣ ಭಯದಿಂದ ಶುರು ಮಾಡಿ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ.