ಮುಖ ತೋರಿಸಿ, ಪುಷ್ಟಿ ತಗೊಳ್ಳಿ

ಅಂಗನವಾಡಿ ಬೇಡ ಅನ್ನುವ ಒಬ್ಬರನ್ನು ತೋರಿಸಿ ನೋಡೋಣ. ಸಿಗುವುದಿಲ್ಲ. ಬಿಸಿಬೇಳೆ ಬಾತಿಗೆ ಆಲೂಗಡ್ಡೆ ಹಾಕಬೇಕೋ ಬೇಡವೋ ಅನ್ನೋದಕ್ಕೂ ಜಗಳ ಆಡುವ ಊರಿನಲ್ಲಿ, ಬಡವರ ಮಕ್ಕಳು ಹೊಟ್ಟೆ ತುಂಬ ಉಣ್ಣಬೇಕು ಅನ್ನುವ ವಿಷಯಕ್ಕೆ ಮಾತ್ರ ಆಳುವವರು, ವಿರೋಧಿಸುವವರು, ಟಿವಿಯಲ್ಲಿ ಕೂಗುವವರು ಎಲ್ಲರೂ ಒಂದೇ. ಇಷ್ಟೊಂದು ಬೆಂಬಲ ಇರುವಾಗ ದುಡ್ಡು ಬೇರೆ ಯಾಕೆ ಅಂತ ಯಾರೋ ಲೆಕ್ಕ ಹಾಕಿರಬೇಕು.

1975ರ ಗಾಂಧಿ ಜಯಂತಿಯಂದು ದೇಶದ 33 ಕಡೆ ಈ ಯೋಜನೆ ಶುರುವಾಯಿತು. ನಮ್ಮಲ್ಲಿ ಮೊದಲು ಟಿ. ನರಸೀಪುರಕ್ಕೆ ಬಂತು. ಐವತ್ತು ವರ್ಷ ಅಂದರೆ ಸಣ್ಣ ಮಾತಲ್ಲ. ಇಷ್ಟು ವರ್ಷವಾದರೂ ಮಕ್ಕಳಿಗೆ ಅಡುಗೆ ಮಾಡಿಸಿ, ತೂಕ ನೋಡಿ, ಹಾಡು ಹೇಳಿಸಿ, ನಡುವೆ ಸರ್ವೆಗೂ ಓಡುವ ಟೀಚರ್‌ಗಳನ್ನು ಕೇಂದ್ರ ಸರ್ಕಾರ ನೌಕರರು ಅಂತ ಒಪ್ಪಿಲ್ಲ. ಅವರು ಸ್ವಯಂಸೇವಕರಂತೆ. 2018ರಲ್ಲಿ ಕೇಂದ್ರ ಅವರ ಗೌರವಧನವನ್ನು 4,500 ರೂಪಾಯಿಗೆ ಏರಿಸಿತು. ಮೇಲಿನದ್ದು ರಾಜ್ಯ ಸೇರಿಸಬೇಕು. ಅವರಿಗೆ ಗ್ರಾಚ್ಯುಟಿ ಕೊಡಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಮಕ್ಕಳ ಊಟದ ಬಾಬ್ತು ಇನ್ನೂ ಚೆನ್ನಾಗಿದೆ. ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ ಅಂತ 2017ರಲ್ಲಿ ನಿಗದಿಯಾಯಿತು. ಅದರಲ್ಲೂ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. 8 ರೂಪಾಯಿಗೆ ಬೆಂಗಳೂರಿನಲ್ಲಿ ಬೈಟು ಕಾಫಿಯಲ್ಲಿ ಒಬ್ಬರ ಪಾಲೂ ಬರುವುದಿಲ್ಲ. 2025ರ ಬಜೆಟ್ ಭಾಷಣದಲ್ಲಿ ಈ ದರವನ್ನು ‘ಸೂಕ್ತವಾಗಿ’ ಹೆಚ್ಚಿಸುತ್ತೇವೆ ಅಂತ ಭರವಸೆ ಬಂತು. ಅವಸರವೇನಿಲ್ಲ ಬಿಡಿ. 2017ರಲ್ಲಿ ಐದು ವರ್ಷವಿದ್ದ ಮಗು ಅಷ್ಟರಲ್ಲಿ ಹೈಸ್ಕೂಲಿನ ಹೊಸ್ತಿಲಿಗೆ ಬಂದಿತ್ತು.

ಹಾಗಂತ ಬರೀ ಸರ್ಕಾರವನ್ನು ಬೈದರೆ ಹೇಗೆ? ನಮ್ಮ ಬೆಂಬಲವೂ ಕಮ್ಮಿಯಿಲ್ಲ. ಬಡಾವಣೆಯಲ್ಲಿ ಖಾಲಿ ಜಾಗವಿದ್ದರೆ ಅಂಗನವಾಡಿ ಕಟ್ಟಲಿ ಅಂತ ಹೇಳಿ ನೋಡಿ. ‘ಖಂಡಿತ ಸಾರ್, ಒಳ್ಳೇ ಕೆಲಸ, ಆದ್ರೆ ಇಲ್ಲಿ ವಾಕಿಂಗ್ ಟ್ರ್ಯಾಕ್ ಬರ್ಬೇಕಿತ್ತಲ್ವಾ?’ ಅನ್ನುತ್ತಾರೆ. ತಮ್ಮ ಮೊಮ್ಮಗನ ಪ್ರೀ-ಸ್ಕೂಲಿಗೆ ಲಕ್ಷ ರೂಪಾಯಿ ಕಟ್ಟಿ, ಅಲ್ಲಿ ಅವನು ಮಣ್ಣಿನಲ್ಲಿ ಆಡೋದನ್ನು ಕಲಿತ ಅಂತ ಹೆಮ್ಮೆಪಡುವವರೂ ಇವರೇ.

ಆದರೆ ಒಂದು ವಿಷಯದಲ್ಲಿ ಯಾರೂ ಜಿಪುಣತನ ಮಾಡಿಲ್ಲ. ಅದು ಆಪ್. ಮಗುವಿನ ತೂಕ, ಎತ್ತರ, ಹಾಜರಿ ಎಲ್ಲ ಪೋಷಣ್ ಟ್ರ್ಯಾಕರ್‌ಗೆ ಹೋಗಬೇಕು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ರೇಷನ್ ಕೊಡಬೇಕಾದರೆ ಒಯ್ಯುವ ತಾಯಿಯ ಮುಖವನ್ನು ಆಪ್ ಗುರುತಿಸುವುದೂ ಕಡ್ಡಾಯವಾಯಿತು. ಆ ರೇಷನ್ನಿನಲ್ಲಿ ಕೊಡುವ ಪುಷ್ಟಿ ಪುಡಿಯ ಪ್ಯಾಕೆಟ್‌ಗೆ ಕನ್ನ ಹಾಕಲು ಅಂತರರಾಷ್ಟ್ರೀಯ ಗ್ಯಾಂಗೇ ಹೊಂಚು ಹಾಕಿದೆಯೇನೋ!

ಹೀಗೊಂದು ಬೆಳಿಗ್ಗೆ ಊಹಿಸಿಕೊಳ್ಳಿ. ಕಂಕುಳಲ್ಲಿ ಕೂಸು ಎತ್ತಿಕೊಂಡು ತಾಯಿ ಬಂದಿದ್ದಾಳೆ. ಒಳಗೆ ಸಿಗ್ನಲ್ ಇಲ್ಲ. ಟೀಚರ್ ಅವಳನ್ನು ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋಗುತ್ತಾರೆ.

‘ಸೆರಗು ಸ್ವಲ್ಪ ಹಿಂದಕ್ಕೆ ಹಾಕ್ಕೊಳ್ಳಿ ಅಕ್ಕ. ಕಣ್ಣು ಮಿಟುಕಿಸಿ. ಇನ್ನೊಂದ್ಸಲ.’

ಹೊಂದಾಣಿಕೆಯಾಗಲಿಲ್ಲ ಅನ್ನುತ್ತದೆ ಫೋನು. ಆಧಾರ್ ಫೋಟೊ ಮದುವೆಗೆ ಮುಂಚಿನದು. ಈಗ ಎರಡು ಬಾಣಂತನ ಆಗಿದೆ.

‘ನಾನೇ ಅಲ್ವಾ ಟೀಚರ್? ನಿಮಗೆ ಗೊತ್ತಲ್ಲ!’

‘ನನಗೆ ಗೊತ್ತು ಅಕ್ಕ. ಅದಕ್ಕೆ ಗೊತ್ತಾಗ್ಬೇಕಲ್ಲ.’

ಸರಿ, ಮತ್ತೆ ಮೊದಲಿನಿಂದ ಕೆವೈಸಿ. ಒಟಿಪಿ ಬರುವುದು ಗಂಡನ ಮೊಬೈಲಿಗೆ. ಗಂಡ ಇರುವುದು ಬೆಂಗಳೂರಿನಲ್ಲಿ, ಗಾರೆ ಕೆಲಸದಲ್ಲಿ. ಫೋನ್ ಮಾಡಿದರೆ ಅವನು ಬಾಯಿ ಬಿಡುವುದಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ, ಸ್ವಂತ ಹೆಂಡತಿ ಧ್ವನಿಯಲ್ಲೂ ಮೋಸ ಮಾಡುತ್ತಾರೆ ಅಂತ ಅವನು ರೀಲ್ಸ್‌ನಲ್ಲಿ ನೋಡಿದ್ದಾನೆ. ಕೊನೆಗೆ ತನ್ನ ತಾಯಿಯ ತವರೂರಿನ ಹೆಸರು ಕೇಳಿ ಖಾತ್ರಿ ಮಾಡಿಕೊಂಡು ನಂಬರ್ ಹೇಳುತ್ತಾನೆ. ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿದೆ.

‘ನಾಳೆ ಬನ್ನಿ ಅಕ್ಕ’ ಅನ್ನುತ್ತಾರೆ ಟೀಚರ್. ‘ಬಿಸಿಲಲ್ಲಿ ಪಾಪುನ ಎತ್ಕೊಂಡು ಬರ್ಬೇಡಿ. ಅದರ ಮುಖ ಯಾರೂ ಕೇಳಿಲ್ಲ.’