ಟ್ಯೂಷನ್ ಮೇಲೆ ಮಳೆ ಬೀಳುವುದಿಲ್ಲ

ಜುಲೈ ಬಂತೆಂದರೆ ಕೊಡಗಿನಲ್ಲಿ ಜಿಲ್ಲಾಧಿಕಾರಿಗಳಷ್ಟು ಜನಪ್ರಿಯರು ಇನ್ನೊಬ್ಬರಿಲ್ಲ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಬಂದ್, ಎಲ್ಲೋ ಮಣ್ಣಿನ ಬರೆ ಕುಸಿತ, ಇನ್ನೆಲ್ಲೋ ಕರೆಂಟ್ ಲೈನಿನ ಮೇಲೆ ಮರ. ಮಕ್ಕಳು ರಾತ್ರಿ ಹತ್ತಾದರೂ ಮಲಗದೆ ರಜೆಯ ಆದೇಶಕ್ಕೆ ಕಾಯುತ್ತಾರೆ. ಕೆಲವು ಚುರುಕಿನವರು ಕಾಯುವುದೂ ಇಲ್ಲ. ಹೋದ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ತಾವೇ ಹೊರಡಿಸಿಬಿಡುತ್ತಾರೆ. ಇವರಿಗೆ ಕಂಪ್ಯೂಟರಿಗೆ ಟ್ಯೂಷನ್ ಬೇಕಾಗಿಲ್ಲ.

ಆದೇಶ ಬಂದ ಮೇಲೆ ಅದನ್ನು ಸ್ವಲ್ಪ ನಿಧಾನವಾಗಿ ಓದಿ. ಅಂಗನವಾಡಿ ಇದೆ, ಪ್ರಾಥಮಿಕ ಶಾಲೆ ಇದೆ, ಪ್ರೌಢಶಾಲೆ ಇದೆ, ಪಿಯು ಕಾಲೇಜೂ ಇದೆ. ಟ್ಯೂಷನ್ ಇಲ್ಲ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸುರಿಯುವ ಮಳೆ ಮಕ್ಕಳಿಗೆ ಅಪಾಯ. ಐದರ ಮೇಲೆ ಸುರಿಯುವ ಮಳೆಗೆ ಮಕ್ಕಳ ಭವಿಷ್ಯದ ಬಗ್ಗೆ ಕಾಳಜಿ ಇರುತ್ತದೆ. ಮರಗಳೂ ಅಷ್ಟೇ, ಸ್ಕೂಲ್ ಬ್ಯಾಗ್ ಕಂಡರೆ ಬೀಳುತ್ತವೆ, ಟ್ಯೂಷನ್ ಬ್ಯಾಗ್ ಕಂಡರೆ ನೆಟ್ಟಗೆ ನಿಲ್ಲುತ್ತವೆ.

ಆದೇಶದ ಬೆನ್ನಿಗೇ ಗ್ರೂಪಿನಲ್ಲಿ ಟ್ಯೂಷನ್ ಸರ್ ಮೆಸೇಜು: ‘ಶಾಲೆಗೆ ರಜೆ ಇರುವುದರಿಂದ ನಾಳೆ ಬೆಳಿಗ್ಗೆಯಿಂದಲೇ ಸ್ಪೆಷಲ್ ಕ್ಲಾಸ್. ಜರ್ಕಿನ್ ಕಡ್ಡಾಯ.’ ಕೆಳಗೆ ಸಾಲಾಗಿ ಕೈಮುಗಿದ ಎಮೋಜಿಗಳು. ಮುಗಿದದ್ದು ಪೋಷಕರ ಕೈ. ಮಕ್ಕಳನ್ನು ಯಾರು ಕೇಳುತ್ತಾರೆ?

ಅಕ್ಕನ ಮಗನನ್ನು ಕರೆತರಲು ಅಂಥದೊಂದು ಕ್ಲಾಸಿಗೆ ಹೋಗಿದ್ದೆ. ಕಾರ್ ಶೆಡ್ಡು. ಕಾರು ಹೊರಗೆ ಮಳೆಯಲ್ಲಿ, ಮಕ್ಕಳು ಒಳಗೆ. ಬಾಗಿಲಲ್ಲಿ ನೀರಿಳಿಯುವ ಛತ್ರಿಗಳು, ಪಕ್ಕದಲ್ಲಿ ಜಿಗಣೆಗೆಂದು ಒಂದು ಗರಟೆಯಲ್ಲಿ ಉಪ್ಪು. ಮೇಲೆ ತಗಡಿನ ಶೀಟು. ಅದರ ಮೇಲೆ ಮಳೆ ಹೊಡೆಯುವ ಸದ್ದಿಗೆ ಸರ್ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಯಾರಿಗೂ ತೊಂದರೆ ಆದಂತೆ ಕಾಣಲಿಲ್ಲ. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಇವರು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಮಳೆ ಸ್ವಲ್ಪ ಬಿಟ್ಟಾಗ ಒಬ್ಬ ಹುಡುಗಿ ಕಾಲು ತೋರಿಸಿ ಕೇಳಿದಳು: “ಸರ್, ಜಿಗಣೆ ಬಿಟ್ಟ ಮೇಲೂ ರಕ್ತ ಯಾಕೆ ನಿಲ್ಲಲ್ಲ?” ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ ಅನ್ನಲು ಅರ್ಧ ನಿಮಿಷ ಸಾಕು. ಸರ್ ಅದಕ್ಕಿಂತ ಬೇಗ ಮುಗಿಸಿದರು. “ಅದು ಪರೀಕ್ಷೆಗೆ ಬರಲ್ಲ. ಮುಂದಿನ ಲೆಕ್ಕ ಬರ್ಕೊಳ್ಳಿ.”

ಶೆಡ್ಡಿನ ಮುಂದೆ ಬೋರ್ಡಿತ್ತು. ಅದರಲ್ಲಿ ಮೇಡಂ ಹೆಸರು. ಮೇಡಂ ಒಳಗೆ ಅಡುಗೆ ಮಾಡುತ್ತಿದ್ದರು. ಇದರಲ್ಲೊಂದು ಸೂಕ್ಷ್ಮ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಹಾಗಾಗಿ ಸರ್ ಮಾಡುವುದಿಲ್ಲ. ಸುಮ್ನೆ ತಮ್ಮ ಮನೆಗೆ ತಾವೇ ಕಾಫಿಗೆ ಬಂದು, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ತ್ರಿಕೋನಮಿತಿ ಹೇಳಿ ಹೋಗುತ್ತಾರೆ.

2024ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಒಂದು ಮಾರ್ಗಸೂಚಿ ತಂದಿತು. ಕೋಚಿಂಗ್ ಸೆಂಟರುಗಳು 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕು ಗ್ಯಾರಂಟಿ ಅನ್ನಬಾರದು, ದಿನಕ್ಕೆ 5 ಗಂಟೆ ಮೀರಬಾರದು, ಒಬ್ಬೊಬ್ಬರಿಗೆ ಕನಿಷ್ಠ 1 ಚದರ ಮೀಟರ್ ಜಾಗ ಇರಬೇಕು. ಚೆನ್ನಾಗಿದೆ ಅಲ್ವಾ? ಆದರೆ ಅದರ ಲೆಕ್ಕದಲ್ಲಿ ಸೆಂಟರ್ ಅನಿಸಿಕೊಳ್ಳಲು 50ಕ್ಕಿಂತ ಜಾಸ್ತಿ ಮಕ್ಕಳಿರಬೇಕು. ಐವತ್ತರ ತನಕ ಅದು ಕಾರ್ ಶೆಡ್ಡೇ. ಕಾರ್ ಶೆಡ್ಡಿಗೆ ಮಾರ್ಗಸೂಚಿ ಇಲ್ಲ.

ಇನ್ನು ಶಾಲೆಯ ಕಥೆ. ಮಳೆಗೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನ, ಭಾನುವಾರ ತುಂಬಿಸಿಕೊಡಬೇಕು. ಆಗ ಟ್ಯೂಷನ್ ಬೆಳಗಿನ ಜಾವಕ್ಕೆ ಜಾರುತ್ತದೆ. ಶಾಲೆಯಲ್ಲಿ ಮಗು ಆಕಳಿಸಿದರೆ, “ಟ್ಯೂಷನ್‌ನಲ್ಲಿ ಇದೆಲ್ಲ ಆಗಿದೆಯಲ್ಲ, ಬಿಡು” ಅನ್ನುತ್ತಾರೆ ಅಲ್ಲಿನ ಟೀಚರ್. ಟ್ಯೂಷನ್‌ನಲ್ಲಿ ಆಕಳಿಸಿದರೆ, “ಸ್ಕೂಲಲ್ಲಿ ನಿದ್ದೆ ಮಾಡ್ಕೋ, ಇಲ್ಲಿ ಗಮನ ಕೊಡು” ಅನ್ನುತ್ತಾರೆ ಸರ್. ಇಷ್ಟು ಒಳ್ಳೆಯ ಹೊಂದಾಣಿಕೆ ನಮ್ಮ ಇಲಾಖೆಗಳ ನಡುವೆ ಇದ್ದಿದ್ದರೆ ಗುಂಡಿ ಮುಚ್ಚಿದ ರಸ್ತೆಯನ್ನು ಮಾರನೇ ದಿನ ಪೈಪಿಗೆಂದು ಅಗೆಯುತ್ತಿರಲಿಲ್ಲ.

ಪೋಷಕರನ್ನು ಬೈದು ಪ್ರಯೋಜನವಿಲ್ಲ, ಅವರಿಗೂ ಅಭ್ಯಾಸವಾಗಿಬಿಟ್ಟಿದೆ. ಮಳೆಗಾಲದಲ್ಲಿ ಹಾರಂಗಿಯ ನೀರಿನ ಮಟ್ಟ ಪೇಪರಿನಲ್ಲಿ ದಿನಾ ಬರುತ್ತದೆ: ಗರಿಷ್ಠ 2,859 ಅಡಿ, ಇಂದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಹತ್ತನೇ ಕ್ಲಾಸಿನವರು ಇರುವ ಮನೆಯಲ್ಲೂ ಇದೇ ಪದ್ಧತಿ. ಗರಿಷ್ಠ 625. ಇಂದು ಇಷ್ಟು. ಕಳೆದ ವರ್ಷ ಇದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿಯದ್ದು ಇಷ್ಟು. ತುಂಬಿದರೆ ಹಾರಂಗಿಗೆ ಗೇಟು ತೆಗೆಯುತ್ತಾರೆ. ಇಲ್ಲಿ ಇನ್ನೊಂದು ಸಬ್ಜೆಕ್ಟಿಗೆ ಟ್ಯೂಷನ್ ಹಾಕುತ್ತಾರೆ.

ಈಗ ಆರನೇ ಕ್ಲಾಸಿಗೇ ‘ನೀಟ್ ಫೌಂಡೇಶನ್’ ಶುರುವಾಗಿದೆ. ಹಾಕಿ ಸ್ಟಿಕ್ ಹಿಡಿದು ಮೈದಾನಕ್ಕೆ ಓಡುವ ವಯಸ್ಸು. ಕೊಡಗಿನ ಮಕ್ಕಳ ಕೈಯಲ್ಲಿ ಹಾಕಿ ಸ್ಟಿಕ್ ಇಲ್ಲ ಅಂದರೆ ಅಜ್ಜಂದಿರು ನಂಬುವುದಿಲ್ಲ. ಇದೆ, ಆದರೆ ಮೂಲೆಯಲ್ಲಿದೆ. ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ಅನುಕೂಲವಾಗಿದೆ.

ಹಾಗಂತ ರಜೆ ಕೊಟ್ಟವರು ಇಲ್ಲವೇ ಇಲ್ಲ ಅನ್ನಬೇಡಿ. ನಮ್ಮ ಕಡೆ ಒಬ್ಬರು ಸರ್ ಒಮ್ಮೆ ದಾರಿಗೆ ಮರ ಬಿದ್ದಿದೆ ಅಂತ ಒಂದು ಸಂಜೆ ಕ್ಲಾಸ್ ನಿಲ್ಲಿಸಿದರು. ಮಾರನೇ ದಿನವೇ ಫೋನು. ಒಬ್ಬರು ಫೀಸಿನಲ್ಲಿ ಎಷ್ಟು ಕಡಿಮೆಯಾಗುತ್ತೆ ಅಂತ ಕೇಳಿದರು. ಇನ್ನೊಬ್ಬರು ಕೇಳಲೂ ಇಲ್ಲ, ಮಗನನ್ನು ‘ರಜೆ ಕೊಡದ’ ಟ್ಯೂಷನ್‌ಗೆ ಸೇರಿಸಿದರು. ಈಗ ಆ ಸರ್ ಪಾಠ ಕಲಿತಿದ್ದಾರೆ. ಬೆಳಗಿನ ಜಾವ ತಾವೇ ಜೀಪು ತಂದು ತೋಟದ ಗೇಟುಗಳಿಂದ ಮಕ್ಕಳನ್ನು ತುಂಬಿಕೊಂಡು ಹೋಗುತ್ತಾರೆ.

ಮೊನ್ನೆ ಅದೇ ಹೊತ್ತಿಗೆ ಊರಿನ ಗ್ರೂಪಿನಲ್ಲಿ ಎಚ್ಚರಿಕೆ ಬಂತು. ತೋಟದಲ್ಲಿ ಕಾಡಾನೆಗಳಿವೆ, ಯಾರೂ ಹೊರಗೆ ಬರಬೇಡಿ. ಕೂಡಲೇ ಒಬ್ಬ ತಾಯಿಯ ಉತ್ತರ: ‘ಆನೆ ರಸ್ತೆ ದಾಟಿದ ಕೂಡಲೇ ದಯವಿಟ್ಟು ತಿಳಿಸಿ. ಆರು ಗಂಟೆಗೆ ಕೆಮಿಸ್ಟ್ರಿ ಟೆಸ್ಟ್ ಇದೆ.’